ಖನಿಜ ಸಂಸ್ಕರಣೆಯಲ್ಲಿ ಸ್ಟೈಪೆಂಡ್ ಸಮೇತ ಪಿಎಚ್‌ಡಿ: ಎಲ್ಲಿ ಹುಡುಕೋದು, ಏನು ಕೇಳೋದು?

ಪಾಂಡವಪುರ_ಕಲ್ಲು
ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಭೂವಿಜ್ಞಾನ ಆಗಿದೆ. ಗೇಟ್‌ನಲ್ಲಿ ಜಿಜಿ (ಭೂವಿಜ್ಞಾನ) ಪೇಪರ್ ಕ್ವಾಲಿಫೈ ಆಗಿದೆ, ನೆಟ್ ಇನ್ನೂ ಆಗಿಲ್ಲ. ಮಿನರಲ್ ಪ್ರೊಸೆಸಿಂಗ್‌ನಲ್ಲಿ, ಅಂದ್ರೆ ಅದಿರಿನಿಂದ ಬೇಕಾದ ಖನಿಜ ಬೇರ್ಪಡಿಸೋ ಶಾಸ್ತ್ರದಲ್ಲಿ, ಪಿಎಚ್‌ಡಿ ಮಾಡೋ ಆಸೆ, ಆದ್ರೆ ತಿಂಗಳಿಗೆ ಸ್ಟೈಪೆಂಡ್ ಇಲ್ಲದೆ ಆಗೋ ಮಾತಲ್ಲ. ಮೂರು ಪ್ರಶ್ನೆ. ಭೂವಿಜ್ಞಾನದವರನ್ನ ಈ ವಿಭಾಗಗಳು ತಗೋತಾವಾ? ದುಡ್ಡು ಕೊಡೋ ಸೀಟುಗಳನ್ನ ದೇಶದೊಳಗೆ ಎಲ್ಲಿ ನೋಡಬೇಕು, ಹೊರಗೆ ಎಲ್ಲಿ? ನಮ್ಮ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ ಲಿಥಿಯಂ ಅದಿರನ್ನೇ ವಿಷಯವಾಗಿ ಇಟ್ಕೊಂಡ್ರೆ ಹೇಗೆ?

ತೇಲುನೊರೆ
ಸೀಟು ಹುಡುಕೋಕೆ ಮುಂಚೆ ದುಡ್ಡು ಯಾರ ಹೆಸರಲ್ಲಿ ಬರುತ್ತೆ ಅನ್ನೋದು ತಿಳ್ಕೊಳ್ಳಿ. ಉಳಿದಿದ್ದೆಲ್ಲ ಅದರ ಮೇಲೇ ನಿಂತಿದೆ.

ಒಂದು, ನಿಮ್ಮ ಹೆಸರಲ್ಲೇ ಬರೋ ಫೆಲೋಶಿಪ್. ಸಿಎಸ್‌ಐಆರ್-ನೆಟ್ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಅಂದ್ರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದ ಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಈ ದರ 2023ರ ಜನವರಿ 1ರಿಂದ ಜಾರಿಗೆ ಬಂದಿದ್ದು. ಒಟ್ಟು ಐದು ವರ್ಷ. ಗೈಡ್ ಬದಲಾದ್ರೂ ಫೆಲೋಶಿಪ್ ನಿಮ್ಮದೇ. ನಿಮಗೆ ಭೂ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನ ಪತ್ರಿಕೆ ಇದೆ, ಬಿಡಬೇಡಿ.

ಎರಡು, ಸಂಸ್ಥೆ ಕೊಡೋ ಅಸಿಸ್ಟೆಂಟ್‌ಶಿಪ್. ಐಐಟಿ, ಎನ್‌ಐಟಿಗಳಲ್ಲಿ ಶಿಕ್ಷಣ ಸಚಿವಾಲಯದ ದುಡ್ಡು. ಇಲ್ಲಿ ಗೇಟ್ ಸಾಕು, ಬದಲಿಗೆ ವಾರಕ್ಕೆ ಇಷ್ಟು ಗಂಟೆ ಲ್ಯಾಬ್ ನಡೆಸೋದು, ಪೇಪರ್ ತಿದ್ದೋದು ಮಾಡಬೇಕು.

ಮೂರು, ಗೈಡ್ ಹೆಸರಲ್ಲಿರೋ ಪ್ರಾಜೆಕ್ಟ್ ದುಡ್ಡು. ಸಾಮಾನ್ಯವಾಗಿ ಮೂರು ವರ್ಷದ ಪ್ರಾಜೆಕ್ಟ್. ಪಿಎಚ್‌ಡಿ ನಾಲ್ಕೂವರೆ ಐದು ವರ್ಷ ಎಳೆಯುತ್ತೆ. ನಡುವಿನ ಒಂದೂವರೆ ಎರಡು ವರ್ಷ ಊಟಕ್ಕೇನು ಅನ್ನೋ ಪ್ರಶ್ನೆನ ಸೇರೋ ದಿನವೇ ಕೇಳಬೇಕು.

ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಸಿಕ್ಕರೆ ಮೊದಲೆರಡು ವರ್ಷ 70,000, ಮೂರನೇ ವರ್ಷ 75,000, ಕೊನೆ ಎರಡು ವರ್ಷ 80,000, ವರ್ಷಕ್ಕೆ ಎರಡು ಲಕ್ಷ ಸಂಶೋಧನಾ ಖರ್ಚು ಬೇರೆ. ಮೊದಲು ಸಾಮಾನ್ಯ ದಾರಿಯಲ್ಲಿ ಪಿಎಚ್‌ಡಿಗೆ ಸೇರಿ, ಕೋರ್ಸ್‌ವರ್ಕ್‌ನಲ್ಲಿ ಒಳ್ಳೆ ಅಂಕ ತೆಗೆದು, ಲ್ಯಾಟರಲ್ ಎಂಟ್ರಿಯಲ್ಲಿ ಪ್ರಯತ್ನ ಮಾಡೋದು ಹೆಚ್ಚು ಜನ ಹಿಡಿಯೋ ದಾರಿ.

ಜಯನಗರ_ಕ್ರಾಸ್
ಇದಕ್ಕೊಂದು ಸೇರಿಸ್ತೀನಿ. ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆ ಸಿಕ್ಕಿತು ಅಂದ್ರೆ ಪಿಎಚ್‌ಡಿ ಸೀಟು ಸಿಕ್ಕಿತು ಅಂತಲ್ಲ. ನೋಂದಣಿ ಬೇರೆ, ಸಂದರ್ಶನ ಬೇರೆ. ಸಿಎಸ್‌ಐಆರ್ ಲ್ಯಾಬ್‌ಗಳಲ್ಲಿ ಪಿಎಚ್‌ಡಿ ನೋಂದಣಿ ಆಗೋದು ಎಸಿಎಸ್‌ಐಆರ್ (ಆ ಲ್ಯಾಬ್‌ಗಳಿಗೆ ಪದವಿ ಕೊಡೋ ಅಕಾಡೆಮಿ) ಮೂಲಕ, ಜನವರಿ ಮತ್ತು ಆಗಸ್ಟ್ ಅಧಿವೇಶನಗಳಿಗೆ. ಹುದ್ದೆಗೆ ಸೇರಿದ ಮೇಲೆ ಆ ಅರ್ಜಿ ಹಾಕೋದು ಮರೆತ್ರೆ ಆರು ತಿಂಗಳು ಕೈ ಬಿಟ್ಟ ಹಾಗೆ.

ಮಳವಳ್ಳಿ_ರವೆ
ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಪ್ರಾಜೆಕ್ಟ್ ದುಡ್ಡು ಕಂತಿನಲ್ಲಿ ಬರೋದು. ಮಾರ್ಚ್ ಮುಗಿದ ಮೇಲೆ ಲೆಕ್ಕಪತ್ರ ವಿಭಾಗ ಬಳಕೆ ಪ್ರಮಾಣಪತ್ರ ಕಳಿಸಿ, ಅದು ಒಪ್ಪಿಗೆ ಆಗಿ, ಮುಂದಿನ ಕಂತು ಬಿಡುಗಡೆ ಆಗೋವರೆಗೂ ಸ್ಟೈಪೆಂಡ್ ನಿಂತುಬುಡುತ್ತೆ. ಏಪ್ರಿಲ್‌ನಿಂದ ಎರಡು ಮೂರು ತಿಂಗಳು ಕೈಯಲ್ಲಿ ದುಡ್ಡಿಟ್ಕೊಂಡಿರ್ಬೇಕು. ಬಾಕಿ ಆಮೇಲೆ ಒಟ್ಟಿಗೆ ಬರುತ್ತೆ, ನಿಜ. ಆದ್ರೆ ಹಾಸ್ಟೆಲ್ ಫೀಜು ಕಾಯಲ್ಲ ಕಣಪ್ಪ.

ಪೆಗ್ಮಟೈಟ್
ದೇಶದೊಳಗಿನ ಪಟ್ಟಿ ನಾನು ಕೊಡ್ತೀನಿ.

ಧನಬಾದ್‌ನ ಐಐಟಿ (ಐಎಸ್‌ಎಂ). ಅಲ್ಲಿ ಫ್ಯೂಯೆಲ್, ಮಿನರಲ್ಸ್ ಅಂಡ್ ಮೆಟಲರ್ಜಿಕಲ್ ಇಂಜಿನಿಯರಿಂಗ್ ಅಂತ ವಿಭಾಗವೇ ಇದೆ. ಕಲ್ಲಿದ್ದಲು ತೊಳೆಯೋದರಿಂದ ಹಿಡಿದು ಖನಿಜವನ್ನ ನೊರೆಯಲ್ಲಿ ತೇಲಿಸಿ ಬೇರ್ಪಡಿಸೋ ಫ್ಲೋಟೇಶನ್‌ವರೆಗೂ ಪೂರ್ತಿ ಈ ವಿಷಯ. ಭುವನೇಶ್ವರದ ಸಿಎಸ್‌ಐಆರ್-ಐಎಂಎಂಟಿ, ಜಮ್ಶೆಡ್‌ಪುರದ ಸಿಎಸ್‌ಐಆರ್-ಎನ್‌ಎಂಎಲ್. ಎನ್‌ಎಂಎಲ್‌ಗೆ ಚೆನ್ನೈನಲ್ಲೂ ಒಂದು ಕೇಂದ್ರ ಇದೆ. ಇವೆರಡರಲ್ಲಿ ಪೈಲಟ್ ಪ್ಲಾಂಟ್ ಇರೋದು ದೊಡ್ಡ ಅನುಕೂಲ. ಬಾಂಬೆ, ಖರಗ್‌ಪುರ ಐಐಟಿಗಳು, ರೂರ್ಕೆಲಾ ಎನ್‌ಐಟಿ. ನಮ್ಮ ರಾಜ್ಯದಲ್ಲಿ ಐಐಎಸ್‌ಸಿಯ ಮೆಟೀರಿಯಲ್ಸ್ ಇಂಜಿನಿಯರಿಂಗ್, ಸುರತ್ಕಲ್ ಎನ್‌ಐಟಿಕೆಯ ಮೈನಿಂಗ್ ವಿಭಾಗ ಮತ್ತು ಮೆಟಲರ್ಜಿ ವಿಭಾಗ. ಸಂಡೂರು ಹತ್ರ ನಂದಿಹಳ್ಳಿಯಲ್ಲಿ ಬಳ್ಳಾರಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದೆ. ಖನಿಜ ಸಂಸ್ಕರಣೆಗೇ ಅಂತ ವಿಭಾಗ ಇರೋ ಅಪರೂಪದ ಜಾಗ, ಅದಿರು ಹಿತ್ತಿಲಲ್ಲೇ ಸಿಗುತ್ತೆ. ಅಲ್ಲಿ ಸೇರೋದಾದ್ರೆ ಫೆಲೋಶಿಪ್ ನಿಮ್ಮ ಹೆಸರಲ್ಲಿರಲಿ.

ಇನ್ನೊಂದು. ಕೇಂದ್ರ ಸಂಪುಟ 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, 16,300 ಕೋಟಿ ವೆಚ್ಚ. ಅದರಡಿ ಉತ್ಕೃಷ್ಟತಾ ಕೇಂದ್ರ ಅಂತ ಗುರುತಿಸಿದವುಗಳಲ್ಲಿ ಬಾಂಬೆ, ಹೈದರಾಬಾದ್, ರೂರ್ಕಿ ಐಐಟಿಗಳು, ಧನಬಾದ್, ಐಎಂಎಂಟಿ, ಎನ್‌ಎಂಎಲ್ ಇವೆ. ಮುಂದಿನ ಕೆಲವು ವರ್ಷ ಹೊಸ ಜೆಆರ್‌ಎಫ್ ಹುದ್ದೆಗಳು ಹೆಚ್ಚಾಗಿ ಇಲ್ಲಿಂದಲೇ ಬರ್ತಾವೆ ಅಂತ ನನ್ನ ಅಂದಾಜು. ಗಣಿ ಸಚಿವಾಲಯದ ಸಂಶೋಧನಾ ಯೋಜನೆಗಳಿಗೆ ಸತ್ಯಭಾಮಾ ಅಂತ ಪೋರ್ಟಲ್ ಇದೆ. ಅಲ್ಲಿ ಯಾವ ಪ್ರಾಧ್ಯಾಪಕರಿಗೆ ಯಾವ ಪ್ರಾಜೆಕ್ಟ್ ಮಂಜೂರಾಗಿದೆ ಅಂತ ನೋಡಿ ಅವರಿಗೆ ಬರೀರಿ. ಜಾಹೀರಾತು ಬರೋವರೆಗೂ ಕಾಯಬೇಡಿ.

ಕೆ_ಆರ್_ಪೇಟೆ_ಹೈದ
ಮೈಸೂರು, ಮಂಡ್ಯದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ರಿಸರ್ಚ್ ಸೆಂಟರ್‌ನಲ್ಲಿ ಮಾಡ್ಬೋದಲ್ವಾ? ಮನೆ ಊಟ, ಬಸ್ ಪಾಸು, ಮುಗೀತು.

ತೇಲುನೊರೆ
@ಕೆ_ಆರ್_ಪೇಟೆ_ಹೈದ ಮಾಡಬಹುದು, ಕೆಲಸದಲ್ಲಿ ಇರೋವ್ರಿಗೆ ಅದು ಸರಿ. ಆದ್ರೆ ಅಲ್ಲಿ ಸಾಮಾನ್ಯವಾಗಿ ನೀವೇ ವರ್ಷಾವರ್ಷ ಫೀಜು ಕಟ್ಟಬೇಕು. ಇನ್ನೂ ದೊಡ್ಡ ತೊಡಕು ಯಂತ್ರಗಳು. ಫ್ಲೋಟೇಶನ್ ಸೆಲ್, ಅದಿರು ಅರೆಯೋ ಬಾಂಡ್ ಮಿಲ್, ಧಾತು ಅಳೆಯೋ ಐಸಿಪಿ ಒಂದೂ ಇಲ್ಲದಿದ್ರೆ ಪ್ರತಿ ಸ್ಯಾಂಪಲ್ ಹೊರಗೆ ಕಳಿಸಿ ದುಡ್ಡು ತೆತ್ತು ಕಾಯ್ತಾ ಕೂರಬೇಕು. ಒಂದು ಫ್ಲೋಟೇಶನ್ ಪರೀಕ್ಷೆಗೇ ಕಾನ್ಸಂಟ್ರೇಟ್ (ಬೇರ್ಪಡಿಸಿ ತೆಗೆದ ಖನಿಜ) ನಾಲ್ಕು, ಟೇಲಿಂಗ್ಸ್ (ಉಳಿದ ತ್ಯಾಜ್ಯ) ಒಂದು ಅಂತ ಐದು ಸ್ಯಾಂಪಲ್ ಆಗುತ್ತೆ. ನಲವತ್ತು ಪರೀಕ್ಷೆಗೆ ಇನ್ನೂರು. ಲೆಕ್ಕ ನೀವೇ ಹಾಕಿ.

ಹೇಮಾವತಿ_ದಂಡೆ
ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಭೂವಿಜ್ಞಾನದವರನ್ನ ತಗೋತಾರೆ. ಆದ್ರೆ ಪ್ರತಿ ಜಾಹೀರಾತಿನಲ್ಲೂ ಅರ್ಹತೆ ಕಾಲಮ್ ಓದಿ. "ಎಂ.ಟೆಕ್ ಅಥವಾ ಸಂಬಂಧಿತ ವಿಷಯದಲ್ಲಿ ಎಂಎಸ್ಸಿ ಜೊತೆ ನೆಟ್/ಗೇಟ್" ಅಂತಿದ್ರೆ ಬಾಗಿಲು ತೆರೆದಿದೆ. ಕೆಲವು ವಿಭಾಗ ಗೇಟ್‌ನಲ್ಲಿ ಎಂಎನ್ (ಗಣಿ), ಎಂಟಿ (ಲೋಹಶಾಸ್ತ್ರ), ಸಿಎಚ್ (ಕೆಮಿಕಲ್) ಪೇಪರ್ ಮಾತ್ರ ಒಪ್ಪುತ್ತೆ, ಜಿಜಿ ಒಪ್ಪಲ್ಲ. ಅನುಮಾನ ಇದ್ರೆ ವಿಭಾಗದ ಕಚೇರಿಗೆ ಒಂದು ಸಾಲು ಇಮೇಲ್ ಹಾಕಿ, ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಗೇಟ್ ಅಂಕ ಫಲಿತಾಂಶದ ದಿನದಿಂದ ಮೂರು ವರ್ಷ ಚಾಲ್ತಿ, ಅದನ್ನೂ ನೆನಪಿಡಿ.

ಭೂವಿಜ್ಞಾನದವರ ಬಲ ಸೂಕ್ಷ್ಮದರ್ಶಕ. ಅದಿರಿನ ತೆಳುಛೇದ (ಸೂಕ್ಷ್ಮದರ್ಶಕಕ್ಕೆ ತೀರಾ ತೆಳ್ಳಗೆ ಉಜ್ಜಿದ ಕಲ್ಲಿನ ಚೂರು) ನೋಡಿ ಯಾವ ಖನಿಜ ಯಾವುದರೊಳಗೆ ಸಿಕ್ಕಿಹಾಕಿಕೊಂಡಿದೆ, ಎಷ್ಟು ಮೈಕ್ರಾನ್‌ಗೆ ಅರೆದರೆ ಬಿಡುಗಡೆ ಆಗುತ್ತೆ ಅಂತ ಹೇಳೋಕೆ ಬರೋವ್ರು ಇಂಜಿನಿಯರಿಂಗ್ ಕಡೆ ಕಮ್ಮಿ. ಇದನ್ನ ಜಿಯೋಮೆಟಲರ್ಜಿ ಅಂತಾರೆ. ಅರ್ಜಿಯಲ್ಲಿ ಇದನ್ನೇ ಮುಂದೆ ಇಡಿ. ಕೊರತೆ ಇರೋದು ದ್ರವ ಚಲನೆ, ಮಾಸ್ ಬ್ಯಾಲೆನ್ಸ್, ಸಂಖ್ಯಾಶಾಸ್ತ್ರದಲ್ಲಿ. ಈ ಮೂರನ್ನ ಸೇರೋಕೆ ಮುಂಚೆ ಓದ್ಕೊಂಡ್ರೆ ಸಂದರ್ಶನದಲ್ಲಿ ತಡವರಿಸೋದು ತಪ್ಪುತ್ತೆ.

ಕೆ_ಆರ್_ಪೇಟೆ_ಹೈದ
ಮರಳಗಾಲದ ಲಿಥಿಯಂ ತಗೊಳ್ಳಿ ಗುರು, ಬೇರೇನೂ ಬೇಡ. ಪೇಪರ್‌ನಲ್ಲಿ 14,100 ಟನ್ ಅಂತ ಬಂದಿತ್ತು. ನಮ್ಮೂರ ಅದಿರು, ನಮ್ಮೋರೇ ಸಂಶೋಧನೆ ಮಾಡ್ಬೇಕು.

ಪೆಗ್ಮಟೈಟ್
@ಕೆ_ಆರ್_ಪೇಟೆ_ಹೈದ ಅಂಗಲ್ಲ ಕಣಣ್ಣ. 14,100 ಅನ್ನೋದು 2020ರಲ್ಲಿ ಓಡಾಡಿದ ಮೊದಲ ಅಂದಾಜು. ಅಣು ಖನಿಜ ನಿರ್ದೇಶನಾಲಯದ ಲೆಕ್ಕದಂತೆ ಸರ್ಕಾರ ಅಧಿಕೃತವಾಗಿ ಹೇಳಿದ್ದು ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್, ಅದೂ "ಇನ್‌ಫರ್ಡ್" ವರ್ಗದಲ್ಲಿ. ಅಂದ್ರೆ ಮೇಲ್ಮೈ ನೋಡಿ, ಅಲ್ಲಲ್ಲಿ ಕೊರೆದು ಊಹಿಸಿದ್ದು. ಲಿಥಿಯಂ ಕಾರ್ಬೊನೇಟ್ ಲೆಕ್ಕಕ್ಕೆ 5.3ರಿಂದ ಗುಣಿಸಿದ್ರೂ ಸುಮಾರು 8,500 ಟನ್. ಗಣಿ ದೃಷ್ಟಿಯಿಂದ ಸಣ್ಣದು.

ಕೆ_ಆರ್_ಪೇಟೆ_ಹೈದ
ಸಣ್ಣದಾದ್ರೇನು, ಪಿಎಚ್‌ಡಿಗೆ ಟನ್‌ಗಟ್ಟಲೆ ಬೇಕಾ? ಒಂದು ಮೂಟೆ ಸಾಕಲ್ವಾ.

ಹೇಮಾವತಿ_ದಂಡೆ
ಮೂಟೆ ಸಾಕು, ಆದ್ರೆ ಯಾರ ಅನುಮತಿ ಮೇಲೆ? ಲಿಥಿಯಂ ಮೊದಲು ಅಣು ಖನಿಜಗಳ ಪಟ್ಟಿಯಲ್ಲಿತ್ತು. 2023ರ ಗಣಿ ಮತ್ತು ಖನಿಜ ಕಾಯ್ದೆ ತಿದ್ದುಪಡಿಯಲ್ಲಿ ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ, ಟೈಟಾನಿಯಂ, ಜಿರ್ಕೋನಿಯಂ ಆರನ್ನೂ ಆ ಪಟ್ಟಿಯಿಂದ ತೆಗೆದು ನಿರ್ಣಾಯಕ ಖನಿಜಗಳ ಭಾಗಕ್ಕೆ ಸೇರಿಸಿದ್ರು. ಹರಾಜು ಮಾಡೋ ಅಧಿಕಾರ ಈಗ ಕೇಂದ್ರದ್ದು. ಹಾಗಂತ ಹೊಲಕ್ಕೆ ಹೋಗಿ ಸುತ್ತಿಗೆ ಹೊಡೆದು ಚೀಲ ತುಂಬ್ಕೊಂಡು ಬರೋಕಾಗಲ್ಲ. ಅನ್ವೇಷಣೆ ಮಾಡಿದ ಇಲಾಖೆ ಜೊತೆ ಗೈಡ್‌ಗೆ ಒಪ್ಪಂದ ಇರಬೇಕು. ಅದಿರು ಕೈಗೆ ಬರುತ್ತೆ ಅನ್ನೋ ಪತ್ರ ನೋಡದೆ ವಿಷಯ ಗಟ್ಟಿ ಮಾಡ್ಕೋಬೇಡಿ. ಅದಿರು ಸಿಗದೆ ವಿಷಯ ಬದಲಾಯಿಸೋದು ಈ ಕ್ಷೇತ್ರದಲ್ಲಿ ಪಿಎಚ್‌ಡಿ ತಡ ಆಗೋಕೆ ದೊಡ್ಡ ಕಾರಣಗಳಲ್ಲಿ ಒಂದು.

ಕೈಮಗ್ಗ_ಜಾಲರಿ
ಲಿಥಿಯಂ ಪೆಗ್ಮಟೈಟ್ (ದೊಡ್ಡ ಹರಳುಗಳ ಶಿಲೆ) ವಿಷಯ ತಗೊಳ್ಳೋವ್ರಿಗೆ ಕೆಲವು ತಾಂತ್ರಿಕ ಮಾತು, ಯಾವ ಊರಿನ ಅದಿರಾದ್ರೂ ಸರಿ.

ಮೊದಲ ತೊಂದರೆ ವಿಶ್ಲೇಷಣೆ. ಲಿಥಿಯಂ ತೀರಾ ಹಗುರ ಧಾತು, ಎಕ್ಸ್-ರೇಯಿಂದ ಧಾತು ಅಳೆಯೋ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಕಾಣಲ್ಲ. ಕೈಯಲ್ಲಿ ಹಿಡಿಯೋ ಎಕ್ಸ್‌ಆರ್‌ಎಫ್ ಅಂತೂ ಪ್ರಯೋಜನವೇ ಇಲ್ಲ. ಸ್ಯಾಂಪಲ್ ಕರಗಿಸಿ ಐಸಿಪಿ ಅಥವಾ ಪರಮಾಣು ಹೀರಿಕೆ ಯಂತ್ರದಲ್ಲಿ ಅಳೆಯಬೇಕು. ಕರಗಿಸೋಕೆ ಸೋಡಿಯಂ ಪೆರಾಕ್ಸೈಡ್ ಜೊತೆ ಕಾಯಿಸಿ. ಬೇರೆ ಶಿಲೆಗಳಿಗೆ ಬಳಸೋ ಲಿಥಿಯಂ ಬೊರೇಟ್ ಫ್ಲಕ್ಸ್ ಇಲ್ಲಿ ಮುಟ್ಟಲೇಬಾರದು, ಫ್ಲಕ್ಸ್‌ನಲ್ಲಿರೋ ಲಿಥಿಯಮ್ಮೇ ಲೆಕ್ಕದಲ್ಲಿ ಬಂದುಬಿಡುತ್ತೆ. ಲ್ಯಾಬ್‌ನ ತಂತ್ರಜ್ಞರು ಅಭ್ಯಾಸ ಬಲದಿಂದ ಅದನ್ನೇ ಹಾಕೋ ಸಂಭವ ಇದೆ, ಸ್ಯಾಂಪಲ್ ಚೀಟಿ ಮೇಲೆ ಬರೆದೇ ಕೊಡಿ.

ಎರಡನೇದು ಬೇರ್ಪಡಿಸೋದು. ಲಿಥಿಯಂ ಇರೋ ಖನಿಜ ಸ್ಪೊಡುಮಿನ್, ಅದರ ಸಾಂದ್ರತೆ ಸುಮಾರು 3.15, ಕ್ವಾರ್ಟ್ಜ್ 2.65. ನೀರಿನಲ್ಲಿ ಕಾನ್ಸಂಟ್ರೇಷನ್ ಕ್ರೈಟೀರಿಯನ್ (ಎರಡೂ ಸಾಂದ್ರತೆಯಿಂದ ನೀರಿನ 1 ಕಳೆದು ಭಾಗಿಸೋದು) ಹಾಕಿ: 2.15 ಭಾಗಿಸು 1.65, ಅಂದ್ರೆ 1.3. 2.5 ದಾಟಿದ್ರೆ ಸುಲಭ, 1.3 ಅಂದ್ರೆ ನೀರಲ್ಲಿ ಭಾರದ ಮೇಲೆ ಬೇರ್ಪಡಿಸೋ ಜಿಗ್, ಶೇಕಿಂಗ್ ಟೇಬಲ್‌ಗೆ ಕಷ್ಟ. ಅದಕ್ಕೇ ಫೆರೋಸಿಲಿಕಾನ್ ಮಾಧ್ಯಮದಲ್ಲಿ ಭಾರ ಮಾಧ್ಯಮ ಬೇರ್ಪಡಿಕೆ ಮಾಡ್ತಾರೆ, ಉಳಿದ ಸಣ್ಣ ಕಣಕ್ಕೆ ಫ್ಲೋಟೇಶನ್. ಶುದ್ಧ ಸ್ಪೊಡುಮಿನ್‌ನಲ್ಲಿ ಲಿಥಿಯಂ ಆಕ್ಸೈಡ್ ಶೇ 8ರಷ್ಟು ಇರುತ್ತೆ, ಮಾರುಕಟ್ಟೆಗೆ ಶೇ 6ರ ಕಾನ್ಸಂಟ್ರೇಟ್ ಸಾಕು.

ಫ್ಲೋಟೇಶನ್ ಕೆಡೋದು ಹೆಚ್ಚಾಗಿ ನೀರಿನಿಂದ. ಒಲಿಯಿಕ್ ಆಮ್ಲ ಕಲೆಕ್ಟರ್ (ಖನಿಜದ ಮೈಗೆ ಅಂಟಿ ತೇಲಿಸೋ ರಾಸಾಯನಿಕ), ಪಿಎಚ್ 8ರ ಆಸುಪಾಸು ಅಂತ ಪುಸ್ತಕ ಓದಿ ಬೋರ್‌ವೆಲ್ ನೀರು ಹಾಕಿದ್ರೆ, ಅದರ ಕ್ಯಾಲ್ಸಿಯಂ ಕ್ವಾರ್ಟ್ಜ್‌ನ ಮೈಗೆ ಹತ್ತಿ ಕ್ವಾರ್ಟ್ಜೂ ನೊರೆ ಜೊತೆ ಮೇಲೆ ಬರೋಕೆ ಶುರು ಮಾಡುತ್ತೆ. ಗ್ರೇಡ್ (ಶುದ್ಧತೆ) ಬಿತ್ತು ಅಂತ ಜನ ಕಲೆಕ್ಟರ್ ಕಮ್ಮಿ ಮಾಡ್ತಾರೆ, ರಿಕವರಿಯೂ (ಅದಿರಿನಲ್ಲಿದ್ದದ್ದರಲ್ಲಿ ಕೈಗೆ ಸಿಗೋ ಪಾಲು) ಬೀಳುತ್ತೆ. ಕಾರಣ ಕೊಳಾಯಿಯಲ್ಲಿದೆ. ಮೊದಲ ಸರಣಿ ಪೂರ್ತಿ ಡಿಸ್ಟಿಲ್ಡ್ ನೀರಲ್ಲಿ ಮಾಡಿ, ಆಮೇಲೆ ಗಡಸುತನವನ್ನೇ ಒಂದು ವೇರಿಯಬಲ್ ಮಾಡ್ಕೊಳ್ಳಿ. ಅದೇ ಒಂದು ಪೇಪರ್ ಆಗುತ್ತೆ. ಇನ್ನೊಂದು, 20 ಮೈಕ್ರಾನ್‌ಗಿಂತ ಸಣ್ಣ ಕೆಸರನ್ನ ಮೊದಲೇ ತೆಗೆದು, ಉಳಿದದ್ದನ್ನ ಗಟ್ಟಿ ಪಲ್ಪ್ ಆಗಿ ಕಾಸ್ಟಿಕ್ ಹಾಕಿ ಉಜ್ಜಿ ತೊಳೆಯದೆ ಕಲೆಕ್ಟರ್ ಹಾಕಬೇಡಿ.

ಪಾಂಡವಪುರ_ಕಲ್ಲು
ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ತುಂಬಾ ಉಪಕಾರ ಆಯ್ತು ಸರ್. ಹೊರದೇಶದ ಬಗ್ಗೆ ಯಾರಾದ್ರೂ ಹೇಳ್ತೀರಾ?

ಬೋಗಾದಿ_ರಿಂಗ್‌ರೋಡ್
ಹೊರಗೆ ಎರಡು ಥರ ಇದೆ. ಯುರೋಪಿನ ಉತ್ತರ ಭಾಗದಲ್ಲಿ ಪಿಎಚ್‌ಡಿ ಅಂದ್ರೆ ನೌಕರಿ. ಸ್ವೀಡನ್ನಿನ ಲೂಲಿಯೊ ತಾಂತ್ರಿಕ ವಿಶ್ವವಿದ್ಯಾಲಯ, ಫಿನ್‌ಲ್ಯಾಂಡಿನ ಔಲು ಮತ್ತು ಆಲ್ಟೊ ನೋಡಿ. ಹುದ್ದೆಗೆ ಜಾಹೀರಾತು ಕೊಡ್ತಾರೆ, ಕೊನೆ ದಿನಾಂಕ ಇರುತ್ತೆ, ಆಯ್ಕೆ ಆದ್ರೆ ಸಂಬಳ. ಸ್ವೀಡನ್ನಿನಲ್ಲಿ ಸಂಶೋಧನೆ ನಾಲ್ಕು ವರ್ಷ, ಪಾಠ ಮಾಡೋ ಕೆಲಸ ಶೇ 20ರಷ್ಟು ಸೇರಿದ್ರೆ ಐದು. ಅರ್ಹತೆಗೆ ಅವರ ಲೆಕ್ಕದಲ್ಲಿ 240 ಕ್ರೆಡಿಟ್, ಅದರಲ್ಲಿ 60 ಮಾಸ್ಟರ್ಸ್ ಮಟ್ಟದ್ದು. ನಮ್ಮ ಮೂರು ವರ್ಷ ಬಿಎಸ್ಸಿ, ಎರಡು ವರ್ಷ ಎಂಎಸ್ಸಿ ಇದಕ್ಕೆ ಸಾಲುತ್ತೆ. ಜರ್ಮನಿಯಲ್ಲಿ 1765ರಲ್ಲಿ ಶುರುವಾದ ಫ್ರೈಬರ್ಗ್ ಗಣಿ ಅಕಾಡೆಮಿ, ಅದೇ ಊರಿನ ಹೆಲ್ಮ್‌ಹೋಲ್ಟ್ಸ್ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆ, ಆಖೆನ್. ಅಲ್ಲಿ ಸಂಬಳ ಸರ್ಕಾರಿ ನೌಕರರ ಇ13 ಶ್ರೇಣಿಯ ಒಂದು ಭಾಗ. ಶೇ 50 ಅಂತಿದೆಯೋ 65, 75 ಅಂತಿದೆಯೋ ಜಾಹೀರಾತಿನಲ್ಲಿ ನೋಡಿ, ತಿಂಗಳ ಬದುಕು ಅದರ ಮೇಲೆ ನಿಂತಿರುತ್ತೆ.

ಆಸ್ಟ್ರೇಲಿಯಾದಲ್ಲಿ ಸ್ಕಾಲರ್‌ಶಿಪ್ ಪದ್ಧತಿ. ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜೆಕೆಎಂಆರ್‌ಸಿ ಖನಿಜ ಸಂಶೋಧನಾ ಕೇಂದ್ರ ಈ ಕ್ಷೇತ್ರದ ದೊಡ್ಡ ಹೆಸರು, 1970ರಿಂದ ಇದೆ. ಇಡೀ ಜಗತ್ತು ಬಳಸೋ ಜೆಕೆಸಿಮ್‌ಮೆಟ್ ಸಾಫ್ಟ್‌ವೇರ್ ಅಲ್ಲಿನ ಸಂಶೋಧನೆಯ ಫಲ. ನ್ಯೂಕ್ಯಾಸಲ್, ಅಡಿಲೇಡ್ (ಹಿಂದಿನ ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ ಈಗ ಇದರಲ್ಲೇ ಸೇರಿದೆ), ಕರ್ಟಿನ್ ಕೂಡ ಇವೆ. ಸಂಶೋಧನಾ ತರಬೇತಿ ಯೋಜನೆಯಡಿ ಟ್ಯೂಷನ್ ಫೀಜು ಮಾಫಿ, ಸ್ಟೈಪೆಂಡ್ ಬೇರೆ. ಮೊದಲು ಸೂಪರ್‌ವೈಸರ್ ಒಪ್ಪಬೇಕು, ಆಮೇಲೆ ಅರ್ಜಿ. ಕೆನಡಾದಲ್ಲಿ ಯುಬಿಸಿ, ಮೆಕ್‌ಗಿಲ್, ಕ್ವೀನ್ಸ್, ಆಲ್ಬರ್ಟಾ. ಅಮೆರಿಕಾದಲ್ಲಿ ವರ್ಜೀನಿಯಾ ಟೆಕ್, ಯೂಟಾ, ಕೆಂಟಕಿ, ಕೊಲರಾಡೊ ಸ್ಕೂಲ್ ಆಫ್ ಮೈನ್ಸ್. ಅಲ್ಲಿ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಅಂದ್ರೆ ಟ್ಯೂಷನ್ ಜೊತೆ ಸ್ಟೈಪೆಂಡ್. ಆಫರ್ ಪತ್ರದಲ್ಲಿ ಟ್ಯೂಷನ್ ಪೂರ್ತಿಯೋ ಅರ್ಧವೋ, ಬೇಸಿಗೆ ತಿಂಗಳು ಸೇರಿದೆಯೋ ಇಲ್ಲವೋ ಓದಿ. ಒಂಬತ್ತು ತಿಂಗಳ ಆಫರ್ ಅಂದ್ರೆ ಉಳಿದ ಮೂರು ತಿಂಗಳಿಗೆ ದಾರಿ ಬೇರೆ ನೋಡ್ಕೋಬೇಕು.

ಮಳವಳ್ಳಿ_ರವೆ
ಹೊರದೇಶ ಹೊರದೇಶ ಅಂತ ಎಲ್ರೂ ಓಡೋದು ಯಾಕೆ? ಕೆಜಿಎಫ್‌ನಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ, ಮೂರು ಕೋಟಿ ಟನ್‌ಗೂ ಹೆಚ್ಚು ಸಯನೈಡ್ ದಿಬ್ಬ ಹಂಗೇ ಬಿದ್ದೈತೆ. ಬಳ್ಳಾರಿ ಕಡೆ ಕೆಳದರ್ಜೆ ಕಬ್ಬಿಣದ ಅದಿರು, ಬಿಎಚ್‌ಜೆ, ಬಿಎಚ್‌ಕ್ಯು (ಸಿಲಿಕಾ ಬೆರೆತ ಪಟ್ಟೆ ಪಟ್ಟೆ ಹೆಮಟೈಟ್ ಕಲ್ಲು), ಕೆಸರು ಕೊಳಗಳು. ಕುದುರೆಮುಖದಲ್ಲಿ ಗಣಿಗಾರಿಕೆ ನಿಂತಿದ್ದು 2005ರ ಕೊನೆಗೆ. ನಮ್ಮ ಅದಿರಿನ ಸಮಸ್ಯೆಗಳನ್ನ ನಾವು ಬಿಟ್ಟರೆ ಚಿಲಿ ತಾಮ್ರದವರು ಬಂದು ಬಗೆಹರಿಸ್ತಾರಾ?

ಬೋಗಾದಿ_ರಿಂಗ್‌ರೋಡ್
@ಮಳವಳ್ಳಿ_ರವೆ ವಿಷಯ ಇಲ್ಲಿದೆ, ಒಪ್ಪಿದೆ. ಯಂತ್ರ ಎಲ್ಲಿದೆ ಅನ್ನೋದು ಪ್ರಶ್ನೆ. ಅದಿರಿನ ಸ್ಯಾಂಪಲ್ ಪಾರ್ಸೆಲ್ ಆಗಬಹುದು, ಸ್ವಯಂಚಾಲಿತ ಖನಿಜ ವಿಶ್ಲೇಷಣೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪಾರ್ಸೆಲ್ ಆಗಲ್ಲ.

ಮಳವಳ್ಳಿ_ರವೆ
ಆ ಸೂಕ್ಷ್ಮದರ್ಶಕ ಈಗ ದೇಶದೊಳಗೂ ಐತೆ, ಬಾಡಿಗೆ ಲೆಕ್ಕದಲ್ಲಿ ಸ್ಯಾಂಪಲ್ ಮಾಡಿಸ್ಬೋದು. ಇಪ್ಪತ್ತು ಬ್ಲಾಕ್ ಸಾಕು ಒಂದು ಪ್ರಬಂಧಕ್ಕೆ.

ಹೇಮಾವತಿ_ದಂಡೆ
ಇಬ್ಬರೂ ಒಂದು ಮಾತು ಬಿಟ್ರಿ. ಪರಿಶಿಷ್ಟ ಜಾತಿ, ಅಲೆಮಾರಿ, ಭೂರಹಿತ ಕೃಷಿ ಕಾರ್ಮಿಕ, ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 125 ಜನಕ್ಕೆ. ಕುಟುಂಬದ ಆದಾಯ 8 ಲಕ್ಷ ಮೀರಬಾರದು, ವಯಸ್ಸು 35ರೊಳಗೆ. ಕೊಕ್ಕೆ ಎಲ್ಲಿದೆ ಅಂದ್ರೆ, ವಿಶ್ವವಿದ್ಯಾಲಯ ಕ್ಯುಎಸ್ ಒಟ್ಟಾರೆ ರ‍್ಯಾಂಕಿಂಗ್‌ನ ಮೊದಲ 500ರಲ್ಲಿ ಇರಬೇಕು. ಗಣಿ ವಿಷಯಕ್ಕೆ ಹೆಸರಾದ ಸಣ್ಣ ವಿಶ್ವವಿದ್ಯಾಲಯಗಳು ವಿಷಯವಾರು ಪಟ್ಟಿಯಲ್ಲಿ ಮೇಲಿದ್ರೂ ಒಟ್ಟಾರೆ ಪಟ್ಟಿಯಲ್ಲಿ 500 ದಾಟಿ ಹೋಗಿರ್ತಾವೆ. ಅರ್ಜಿಗೆ ಮುಂಚೆ ಒಟ್ಟಾರೆ ಪಟ್ಟಿಯನ್ನೇ ನೋಡಿ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರ ಸಚಿವಾಲಯದ ಯೋಜನೆ ಪ್ರತ್ಯೇಕ. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಕೊಳ್ಳಿ, ಪೋರ್ಟಲ್ ತೆರೆದ ಮೇಲೆ ಓಡಾಡೋಕೆ ಸಮಯ ಸಾಲಲ್ಲ.

ಜಯನಗರ_ಕ್ರಾಸ್
ಯುರೋಪಿನ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಯಾವ ದೇಶದವರಾದ್ರೂ ಹಾಕಬಹುದು. ನಿಯಮ ಒಂದೇ, ಆತಿಥೇಯ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಮೈಸೂರಿನಿಂದ ನೇರ ಹಾಕೋವ್ರಿಗೆ ಇದು ಅನುಕೂಲವೇ. ಜಾಹೀರಾತಿನ ಶೀರ್ಷಿಕೆಯಲ್ಲಿ ಮಿನರಲ್ ಪ್ರೊಸೆಸಿಂಗ್ ಅಂತಲೇ ಇರಬೇಕಾಗಿಲ್ಲ. ಬ್ಯಾಟರಿ ಮರುಬಳಕೆ, ಪಾರ್ಟಿಕಲ್ ಟೆಕ್ನಾಲಜಿ, ಹೈಡ್ರೋಮೆಟಲರ್ಜಿ, ಟೇಲಿಂಗ್ಸ್ ಇವನ್ನೂ ಹುಡುಕಿ. ಹಳೇ ಬ್ಯಾಟರಿಯ ಕಪ್ಪು ಪುಡಿಯಿಂದ ಗ್ರಾಫೈಟ್ ತೇಲಿಸೋದು ಕೂಡ ಫ್ಲೋಟೇಶನ್ನೇ.

ಬೇಬಿ_ಬೆಟ್ಟ_ಸದ್ದು
ನಮ್ಮ ಕಡೆ ಕ್ರಷರ್‌ಗಳ ಎಂ-ಸ್ಯಾಂಡ್ ಕೂಡ ಇದೇ ಶಾಸ್ತ್ರ ಅಲ್ವಾ? ಅದರಲ್ಲಿ ಯಾರೂ ಪಿಎಚ್‌ಡಿ ಮಾಡಲ್ವಾ?

ಕೈಮಗ್ಗ_ಜಾಲರಿ
@ಬೇಬಿ_ಬೆಟ್ಟ_ಸದ್ದು ಖಂಡಿತ ಇದೇ ಶಾಸ್ತ್ರ. ಕಲ್ಲನ್ನ ವೇಗವಾಗಿ ಎಸೆದು ಒಡೆಯೋ ವಿಎಸ್‌ಐ ಕ್ರಷರ್‌ನಲ್ಲಿ ಕಣದ ಆಕಾರ ದುಂಡಗಾಗುತ್ತೆ, ಜೊತೆಗೆ 75 ಮೈಕ್ರಾನ್ ಕೆಳಗಿನ ಧೂಳೂ ಜಾಸ್ತಿ ಆಗುತ್ತೆ. ಕಾಂಕ್ರೀಟಿನ ಮರಳು, ಜಲ್ಲಿಗೆ ಇರೋ ಐಎಸ್ 383 ಮಾನದಂಡದ ಪ್ರಕಾರ ಪುಡಿ ಮಾಡಿದ ಮರಳಿನಲ್ಲಿ ಆ ಧೂಳು ಶೇ 15 ದಾಟಬಾರದು. ಅದನ್ನ ನೀರಲ್ಲಿ ತೊಳೆದ್ರೆ ಕೆಸರು ಕೊಳ, ಗಾಳಿಯಲ್ಲಿ ಬೇರ್ಪಡಿಸಿದ್ರೆ ಧೂಳಿನ ಗುಡ್ಡ. ಆ ಧೂಳಿನಲ್ಲಿರೋ ಫೆಲ್ಡ್‌ಸ್ಪಾರ್ ತೇಲಿಸಿ ಸಿರಾಮಿಕ್‌ಗೆ ಕಳಿಸೋ ಹಾಗಾದ್ರೆ ಒಳ್ಳೇ ವಿಷಯ. ಸಿವಿಲ್ ವಿಭಾಗದಲ್ಲಿ ದುಡ್ಡು ಹುಡುಕಬಹುದು.

ಬೇಬಿ_ಬೆಟ್ಟ_ಸದ್ದು
ಧೂಳು ಹೊಲದ ಮೇಲೆ ಬೀಳದ ಹಾಗೆ ಯಾರಾದ್ರೂ ಮೊದ್ಲು ಸಂಶೋಧನೆ ಮಾಡ್ಲಿ ಸ್ವಾಮಿ.

ಪೆಗ್ಮಟೈಟ್
ವಿಷಯಕ್ಕೆ ವಾಪಸ್ ಬರೋಣ. ಎಷ್ಟು ಅದಿರು ಬೇಕು ಅಂತ ಮೇಲೆ ಕೇಳಿದ್ರಲ್ಲ, ಮೂಟೆ ಸಾಕಾಗಲ್ಲ. ಅದಿರು ಅರೆಯೋಕೆ ಎಷ್ಟು ಶಕ್ತಿ ಬೇಕು ಅಂತ ಹೇಳೋ ಬಾಂಡ್ ವರ್ಕ್ ಇಂಡೆಕ್ಸ್ ಪರೀಕ್ಷೆಗೆ 3.35 ಮಿಮೀ ಕೆಳಗಿನ ಸುಮಾರು 10 ಕೆಜಿ. 305 ಮಿಮೀ ಮಿಲ್, 285 ಗುಂಡು, 20 ಕೆಜಿ ತೂಕ, ನಿಮಿಷಕ್ಕೆ 70 ಸುತ್ತು, ಪ್ರತಿ ಸಲ 700 ಮಿಲಿ ಅಳತೆಯ ಅದಿರು, ಸರ್ಕ್ಯುಲೇಟಿಂಗ್ ಲೋಡ್ (ಮತ್ತೆ ಅರೆಯೋಕೆ ವಾಪಸ್ ಹೋಗೋ ಪ್ರಮಾಣ) ಶೇ 250ಕ್ಕೆ ನಿಲ್ಲೋವರೆಗೂ. ಫ್ಲೋಟೇಶನ್‌ಗೆ ಒಂದೊಂದು ಪರೀಕ್ಷೆಗೆ ಒಂದು ಕೆಜಿ. ಮೂರು ವೇರಿಯಬಲ್, ಎರಡು ಮಟ್ಟದ ಪ್ರಯೋಗ ವಿನ್ಯಾಸಕ್ಕೆ ಎಂಟು, ನಡುಬಿಂದುವಿನಲ್ಲಿ ನಾಲ್ಕು, ಹನ್ನೆರಡು ಕೆಜಿ. ಇಂಥ ಮೂರು ನಾಲ್ಕು ಸರಣಿ, ಭಾರ ದ್ರವ ಪರೀಕ್ಷೆ, ಕೆಟ್ಟುಹೋಗೋ ಲೆಕ್ಕ ಎಲ್ಲ ಸೇರಿಸಿ 100ರಿಂದ 150 ಕೆಜಿ ಒಂದೇ ಸಲ ತರಿಸಿ. ಎರಡನೇ ಸಲ ತರಿಸಿದ್ದು ಅದೇ ಜಾಗದ್ದಾದ್ರೂ ಅದೇ ಅದಿರಾಗಿರಲ್ಲ, ಹಳೇ ಫಲಿತಾಂಶದ ಜೊತೆ ಹೋಲಿಸೋಕೆ ಬರಲ್ಲ.

ಬಂದ ದಿನವೇ ಪೂರ್ತಿ 3.35 ಮಿಮೀಗೆ ಪುಡಿ ಮಾಡಿ, ಕಲಸಿ, ರೋಟರಿ ಸ್ಪ್ಲಿಟರ್‌ನಲ್ಲಿ ಒಂದು ಕೆಜಿ ಪೊಟ್ಟಣ ಮಾಡಿ ನಂಬರ್ ಹಾಕಿ. ಸಲಿಕೆಯಿಂದ ತುಂಬಿದ್ರೆ ದಪ್ಪ ಕಣ ಒಂದು ಪೊಟ್ಟಣಕ್ಕೆ, ಧೂಳು ಇನ್ನೊಂದಕ್ಕೆ ಹೋಗುತ್ತೆ. ಯಾದೃಚ್ಛಿಕವಾಗಿ ಆರು ಪೊಟ್ಟಣ ತೆಗೆದು ವಿಶ್ಲೇಷಣೆ ಮಾಡಿಸಿ ವ್ಯತ್ಯಾಸ ಎಷ್ಟು ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ. ಸಲ್ಫೈಡ್ ಅದಿರಾದ್ರೆ ಪೊಟ್ಟಣಗಳನ್ನ ಗಾಳಿಯಾಡದಂತೆ ಮುಚ್ಚಿ ಫ್ರೀಜರ್‌ನಲ್ಲಿಡಿ. ಹೊರಗೆ ಬಿಟ್ಟರೆ ಮೇಲ್ಮೈ ಉತ್ಕರ್ಷಿಸಿ, ಜೂನ್‌ನಲ್ಲಿ ತೇಲಿದ ಅದಿರು ಡಿಸೆಂಬರ್‌ನಲ್ಲಿ ತೇಲಲ್ಲ.

ತೇಲುನೊರೆ
ಪ್ರಾಧ್ಯಾಪಕರಿಗೆ ಬರೆಯೋ ಇಮೇಲ್ ಬಗ್ಗೆ. ಒಂದೇ ಪತ್ರ ಐವತ್ತು ಜನಕ್ಕೆ ಕಳಿಸಿದ್ರೆ ಒಬ್ಬರೂ ಓದಲ್ಲ. ಇನ್ನೂರು ಪದ ಸಾಕು. ಮೊದಲ ಸಾಲಲ್ಲಿ ಅವರ ಯಾವ ಕೆಲಸ ಓದಿದ್ರಿ, ಅದರಲ್ಲಿ ಯಾವ ಪ್ರಶ್ನೆ ಉಳಿದಿದೆ ಅಂತ ಬರೀರಿ. ಎರಡನೇದು ನಿಮ್ಮ ಕೈಗೆ ಬರೋ ಕೆಲಸ: ತೆಳುಛೇದ, ಎಕ್ಸ್‌ಆರ್‌ಡಿ, ಸೀವ್ ಅನಾಲಿಸಿಸ್, ಪೈಥಾನ್ ಹೀಗೆ. ಮೂರನೇದು ಗೇಟ್ ಅಂಕ, ಯಾವ ವರ್ಷದವರೆಗೆ ಚಾಲ್ತಿ. ಬಯೋಡೇಟಾ, ಅಂಕಪಟ್ಟಿ ಎರಡೂ ಒಂದೇ ಪಿಡಿಎಫ್‌ನಲ್ಲಿ. "ರೆಸ್ಪೆಕ್ಟೆಡ್ ಸರ್, ಐ ಯಾಮ್ ಎ ಹಾರ್ಡ್‌ವರ್ಕಿಂಗ್ ಸ್ಟೂಡೆಂಟ್" ಅನ್ನೋ ಸಾಲು ತೆಗೆದುಬಿಡಿ.

ಅವರು ಉತ್ತರ ಕೊಟ್ಟು ಮಾತುಕತೆಗೆ ಕರೆದ್ರೆ ನೀವೂ ಕೇಳಬೇಕು: ಸ್ಟೈಪೆಂಡ್ ಯಾವ ಮೂಲದಿಂದ, ಯಾವ ತಿಂಗಳವರೆಗೆ ಮಂಜೂರು? ಅದಿರು ಲ್ಯಾಬ್‌ನಲ್ಲಿದೆಯಾ, ಬರಬೇಕಾ? ವಿಶ್ಲೇಷಣೆ ಖರ್ಚು ಪ್ರಾಜೆಕ್ಟಿನಲ್ಲಿ ಇದೆಯಾ? ಕಂಪನಿ ದುಡ್ಡಿದ್ರೆ ಪೇಪರ್ ಪ್ರಕಟಿಸೋಕೆ ಅವರ ಒಪ್ಪಿಗೆ ಎಷ್ಟು ದಿನ ಹಿಡಿಯುತ್ತೆ? ಇಷ್ಟು ಕೇಳಿದ್ರೆ ಯಾವ ಒಳ್ಳೇ ಗೈಡೂ ಬೇಜಾರು ಮಾಡ್ಕೊಳ್ಳಲ್ಲ. ಬೇಜಾರಾದ್ರೆ ಅದೂ ಒಂದು ಉತ್ತರವೇ.

ಹೇಮಾವತಿ_ದಂಡೆ
ಅವರ ಹಳೇ ವಿದ್ಯಾರ್ಥಿಗಳಿಗೂ ಬರೀರಿ. ಎಷ್ಟು ವರ್ಷಕ್ಕೆ ಮುಗೀತು ಅಂತ ಅವರು ನೇರ ಹೇಳ್ತಾರೆ.

ಪಾಂಡವಪುರ_ಕಲ್ಲು
ಸಂದರ್ಶನದಲ್ಲಿ ಏನು ಕೇಳ್ತಾರೆ ಸರ್? ಭೂವಿಜ್ಞಾನದವರಿಗೆ ಕಷ್ಟದ್ದು ಹೇಳಿ.

ಕೈಮಗ್ಗ_ಜಾಲರಿ
ಎರಡು ಉತ್ಪನ್ನದ ಸೂತ್ರ ಖಂಡಿತ ಕೇಳ್ತಾರೆ. ಫೀಡ್ (ಒಳಗೆ ಹಾಕಿದ ಅದಿರು) ಶೇ 1.2, ಕಾನ್ಸಂಟ್ರೇಟ್ ಶೇ 6, ಟೇಲಿಂಗ್ಸ್ ಶೇ 0.3 ಇದ್ರೆ ರಿಕವರಿ ಎಷ್ಟು? ಕಾನ್ಸಂಟ್ರೇಟನ್ನ ಫೀಡ್ ಕಳೆ ಟೇಲಿಂಗ್ಸ್‌ನಿಂದ ಗುಣಿಸಿ, ಅಂದ್ರೆ 6 ಗುಣಿಸು 0.9, 5.4. ಕೆಳಗೆ ಫೀಡನ್ನ ಕಾನ್ಸಂಟ್ರೇಟ್ ಕಳೆ ಟೇಲಿಂಗ್ಸ್‌ನಿಂದ ಗುಣಿಸಿ, 1.2 ಗುಣಿಸು 5.7, 6.84. ಭಾಗಿಸಿದ್ರೆ ಸುಮಾರು ಶೇ 79. ಬೋರ್ಡ್ ಮೇಲೆ ಎರಡು ನಿಮಿಷದಲ್ಲಿ ಆಗಬೇಕು. ಮುಂದಿನ ಪ್ರಶ್ನೆ ಅಲ್ಲೇ ಇದೆ: ಟೇಲಿಂಗ್ಸ್ 0.3 ಅಲ್ಲ 0.35 ಅಂತ ಲ್ಯಾಬ್ ಹೇಳಿದ್ರೆ ರಿಕವರಿ ಎಷ್ಟಾಗುತ್ತೆ? ಸುಮಾರು 75ಕ್ಕೆ ಇಳಿಯುತ್ತೆ. ವಿಶ್ಲೇಷಣೆಯ ಸಣ್ಣ ತಪ್ಪು ರಿಕವರಿಯಲ್ಲಿ ನಾಲ್ಕು ಅಂಕ ಅಲುಗಾಡಿಸುತ್ತೆ ಅನ್ನೋದು ನಿಮಗೆ ತಿಳಿದಿದೆಯಾ ಅಂತ ಅವರು ನೋಡ್ತಾರೆ.

ಆಮೇಲೆ ಪಾರ್ಟಿಷನ್ ಕರ್ವ್ ಬಿಡಿಸೋದು, ಝೀಟಾ ಪೊಟೆನ್ಶಿಯಲ್ ಸೊನ್ನೆ ಆಗೋ ಪಿಎಚ್ ಯಾಕೆ ಮುಖ್ಯ, ಸೈಕ್ಲೋನ್‌ನಲ್ಲಿ ಕಟ್ ಸೈಜ್ ಏರಿಸೋಕೆ ಏನು ಬದಲಿಸ್ತೀರಿ. ಭೂವಿಜ್ಞಾನದವರಿಗೆ ಬೋನಸ್ ಪ್ರಶ್ನೆ ಅಂದ್ರೆ ಕೈಗೆ ಒಂದು ಕಲ್ಲು ಕೊಟ್ಟು "ಇದನ್ನ ಎಷ್ಟು ಸಣ್ಣಗೆ ಅರೀಬೇಕು?" ಅಂತ ಕೇಳೋದು. ಲೆನ್ಸ್ ಜೇಬಲ್ಲಿರಲಿ.

ಪಾಂಡವಪುರ_ಕಲ್ಲು
ಭಾರ ದ್ರವ ಪರೀಕ್ಷೆ ಅಂದ್ರಲ್ಲ ಪೆಗ್ಮಟೈಟ್ ಸರ್, ಅದು ನಮ್ಮ ವಿಭಾಗದಲ್ಲೇ ಮಾಡಿ ನೋಡ್ಬಹುದಾ? ಅರ್ಜಿ ಜೊತೆ ತೋರಿಸೋಕೆ.

ಪೆಗ್ಮಟೈಟ್
ಮಾಡಬಹುದು. ಬ್ರೋಮೋಫಾರ್ಮ್ ಬಾಟಲಿ ಹಳೇ ಲ್ಯಾಬ್‌ಗಳಲ್ಲಿ ಇರುತ್ತೆ, ಸಾಂದ್ರತೆ 2.89, ಸ್ಪೊಡುಮಿನ್ ಮುಳುಗುತ್ತೆ, ಕ್ವಾರ್ಟ್ಜ್ ಫೆಲ್ಡ್‌ಸ್ಪಾರ್ ತೇಲುತ್ತೆ. ಆದ್ರೆ ಅದರ ಆವಿ ವಿಷ, ಫ್ಯೂಮ್ ಹುಡ್ ಕೆಲಸ ಮಾಡ್ತಿಲ್ಲ ಅಂದ್ರೆ ಮುಚ್ಚಳ ತೆಗೀಬೇಡಿ. ಸೋಡಿಯಂ ಪಾಲಿಟಂಗ್‌ಸ್ಟೇಟ್ ಸುರಕ್ಷಿತ, ನೀರಲ್ಲಿ ಕರಗುತ್ತೆ, ದುಬಾರಿ. ಡಿಸ್ಟಿಲ್ಡ್ ನೀರು ಮಾತ್ರ ಹಾಕಿ, ಕೊಳಾಯಿ ನೀರಿನ ಕ್ಯಾಲ್ಸಿಯಂ ತಾಗಿದ್ರೆ ಬಿಳಿ ಗಸಿ ಕೂತು ದ್ರಾವಣ ಹಾಳಾಗುತ್ತೆ. ತೊಳೆದ ನೀರನ್ನೂ ಚೆಲ್ಲದೆ ಆವಿ ಮಾಡಿ ವಾಪಸ್ ತಗೊಳ್ಳಿ.

ಅದಿರನ್ನ 1 ಮಿಮೀ ಮತ್ತು 0.5 ಮಿಮೀ ನಡುವೆ, 0.5 ಮತ್ತು 0.25 ನಡುವೆ ಅಂತ ಜರಡಿ ಹಿಡಿದು, ಪ್ರತಿ ಭಾಗವನ್ನ 50 ಗ್ರಾಂನಂತೆ ಬೇರೆ ಬೇರೆ ಮಾಡಿ. ಮುಳುಗಿದ್ದು, ತೇಲಿದ್ದು ಒಣಗಿಸಿ ತೂಗಿ, ಎರಡನ್ನೂ ತೆಳುಛೇದ ಮಾಡಿ. ಮುಳುಗಿದ್ದರಲ್ಲಿ ಕ್ವಾರ್ಟ್ಜ್ ಅಂಟಿಕೊಂಡ ಕಣ ಯಾವ ಗಾತ್ರದಲ್ಲಿ ಕಮ್ಮಿ ಆಗುತ್ತೆ ಅಂತ ಎಣಿಸಿದ್ರೆ ಲಿಬರೇಷನ್ ಗಾತ್ರ ಕೈಗೆ ಬಂತು. ಒಂದು ಪುಟದ ಗ್ರಾಫ್ ಮಾಡಿ ಇಮೇಲ್ ಜೊತೆ ಇಡಿ. ಮರಳಗಾಲದ್ದೇ ಬೇಕಾಗಿಲ್ಲ, ವಿಭಾಗದ ಸಂಗ್ರಹದಲ್ಲಿರೋ ಯಾವುದಾದ್ರೂ ಪೆಗ್ಮಟೈಟ್ ಕೇಳಿ ತಗೊಳ್ಳಿ.

ಪಾಂಡವಪುರ_ಕಲ್ಲು
ಪಾಲಿಟಂಗ್‌ಸ್ಟೇಟ್ ಇಲ್ಲ ಸರ್, ಬ್ರೋಮೋಫಾರ್ಮ್ ಇದೆ. ಹುಡ್ ಫ್ಯಾನ್ ರಿಪೇರಿಗೆ ಬರೆದು ಕೊಟ್ಟಿದ್ದೀನಿ. ಅಷ್ಟರಲ್ಲಿ ಜರಡಿ ಕೆಲಸ ಮುಗಿಸ್ತೀನಿ.

ಕೈಮಗ್ಗ_ಜಾಲರಿ
ಜರಡಿ ಒದ್ದೆಯಲ್ಲೇ ಹಿಡೀರಿ, ಒಣಗಿಸಿ ಮತ್ತೊಂದು ಸಲ ಹಿಡೀರಿ. ದಪ್ಪ ಕಣಕ್ಕೆ ಧೂಳು ಅಂಟಿದ್ರೆ ತೂಕದ ಲೆಕ್ಕ ಸೇರಲ್ಲ. ಜರಡಿ ಮೇಲೆ ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ಹಾಕಬೇಡಿ.